ತಿರಸ್ಕೃತರ ನಗರ

ಪ್ಯಾರಿಸ್ ನಗರದ ಮಾತು ಬಂದಾಗಲೆಲ್ಲ ನಮ್ಮಲ್ಲಿ ಐಫೆಲ್ ಗೋಪುರ, ಅತ್ತರು, ಹೊಸ ಬಗೆಯ ಉಡುಪು, ಇರುಳಿನ ದೀಪಗಳ ಬೆಡಗು ಇವಿಷ್ಟೇ ಪ್ರಸ್ತಾಪಕ್ಕೆ ಬರುವುದು ವಾಡಿಕೆ. ಆದರೆ ಆಧುನಿಕ ಯುರೋಪಿನ ಚಿತ್ರಶಿಲ್ಪಗಳ ಚರಿತ್ರೆಯನ್ನು ಅಭ್ಯಾಸ ಮಾಡಬೇಕೆಂದು ಹೊರಟವನಿಗೆ ಈ ನಗರ ಬೇರೆಯೇ ರೀತಿಯಲ್ಲಿ ತೆರೆದುಕೊಳ್ಳುತ್ತದೆ. ಅಲ್ಲಿ ಪಾಠಶಾಲೆಯೂ ಪಠ್ಯಪುಸ್ತಕವೂ ಬೀದಿಗಳೇ ಆಗಿವೆ.

ಗ್ರಂಥಾಲಯದಲ್ಲಿ ಕುಳಿತು ಈ ಚರಿತ್ರೆಯನ್ನು ಓದುವವನಿಗೆ ಮೊದಲು ಎದುರಾಗುವುದು ‘ಇಸಂ’ಗಳ ದೊಡ್ಡ ಪಟ್ಟಿ: ಇಂಪ್ರೆಷನಿಸಂ, ಫಾವಿಸಂ, ಕ್ಯೂಬಿಸಂ, ಹೀಗೆ. ಅರಸು ಮನೆತನಗಳಂತೆ ಒಂದರ ಬೆನ್ನಿಗೊಂದು ಬಂದುಹೋಗುವ ಈ ಹೆಸರುಗಳನ್ನು ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ತೇರ್ಗಡೆಯಾಗುವುದು ಕಷ್ಟವಲ್ಲ. ಹಾಗೆ ತೇರ್ಗಡೆಯಾದವನೂ ಸೆಜಾನನ ಒಂದು ಸೇಬುಹಣ್ಣಿನ ಮುಂದೆ ನಿಂತಾಗ ‘ಇದರಲ್ಲೇನಿದೆ?’ ಎಂದು ತಬ್ಬಿಬ್ಬಾಗುವುದುಂಟು. ಪ್ಯಾರಿಸ್ಸಿನ ಬೀದಿಗಳಲ್ಲಿ ನಡೆದಾಡಿದವನಿಗೆ ಇದೇ ಚರಿತ್ರೆ ಬಾಗಿಲುಗಳ ಕಥೆಯಾಗಿ ಕಾಣುತ್ತದೆ. ಇಂದು ಯಾವ ಚಿತ್ರವನ್ನು ನೋಡಲು ಲೋಕದ ನಾಲ್ಕು ಮೂಲೆಗಳಿಂದ ಬಂದ ಜನ ಸಾಲುಗಟ್ಟಿ ನಿಲ್ಲುತ್ತಾರೋ, ಅದನ್ನೇ ಹಿಂದೊಮ್ಮೆ ಇದೇ ಊರಿನ ಬಲ್ಲವರು ಹೊಸ್ತಿಲಿನಿಂದ ಹಿಂದಕ್ಕೆ ಕಳುಹಿಸಿದ್ದರು. ಬಾಗಿಲನ್ನು ಮುಚ್ಚಿದವರು ಯಾರು? ಏಕೆ ಮುಚ್ಚಿದರು? ಅದನ್ನು ತೆರೆದವರು ಯಾರು? ಈ ಮೂರು ಪ್ರಶ್ನೆಗಳನ್ನು ಜೊತೆಗಿಟ್ಟುಕೊಂಡು ಹೊರಟರೆ ‘ಇಸಂ’ಗಳು ತಾವಾಗಿಯೇ ಅರ್ಥವಾಗತೊಡಗುತ್ತವೆ.

ಹಳೆಯ ಅರಮನೆಯಲ್ಲಿ ಮೊದಲ ಪಾಠ

ಮೊದಲ ದಿನ ಲೂವ್ರ್ ಸಂಗ್ರಹಾಲಯಕ್ಕೆ ಹೋಗತಕ್ಕದ್ದು. ‘ಆಧುನಿಕ ಕಲೆಯನ್ನು ನೋಡಬಂದವನಿಗೆ ಹಳೆಯ ಅರಮನೆಯಲ್ಲೇನು ಕೆಲಸ?’ ಎಂದು ಯಾರಾದರೂ ಕೇಳಬಹುದು. ಕೆಲಸವಿದೆ. 1793ರಲ್ಲಿ ಈ ಅರಮನೆ ಸಾರ್ವಜನಿಕರಿಗೆ ತೆರೆದಂದಿನಿಂದ ಇಲ್ಲಿ ಒಂದು ಸಂಪ್ರದಾಯ ನಡೆದುಬಂದಿದೆ. ಅನುಮತಿ ಪಡೆದ ಚಿತ್ರಕಾರರು ಮೂಲಚಿತ್ರದ ಎದುರಿಗೇ ಕುಳಿತು ಪ್ರತಿ ಮಾಡಬಹುದು. ಇಂದಿಗೂ ಅದು ನಿಂತಿಲ್ಲ. ಪ್ರತಿಯ ಅಳತೆ ಮೂಲದ ಅಳತೆಗಿಂತ ಬೇರೆಯಾಗಿರಬೇಕು, ಮೂಲ ಕಲಾವಿದನ ಸಹಿಯನ್ನು ಬರೆಯಕೂಡದು ಎಂಬ ನಿಯಮಗಳುಂಟು. ಜನಜಂಗುಳಿಯ ನಡುವೆ ಮುಕ್ಕಾಲಿಯ ಮೇಲೆ ಕ್ಯಾನ್‌ವಾಸು ಹೂಡಿ, ಯಾರ ಮಾತಿಗೂ ಕಿವಿಗೊಡದೆ, ಹಿಂದಿನವರ ಬಣ್ಣವನ್ನು ಬಿಡಿಸಿ ಬಿಡಿಸಿ ನೋಡುತ್ತಿರುವ ಇಂಥವರನ್ನು ಕಂಡಾಗ ಯಾರಿಗಾದರೂ ಗೌರವ ಮೂಡದೆ ಇರದು.

ಮಾನೇ, ದಗಾ, ಸೆಜಾನ್ ಈ ಮೂವರೂ ಇಲ್ಲಿಯೇ ಹೀಗೆ ಕುಳಿತು ಕಲಿತವರು. ಹಿಂದಿನದೆಲ್ಲವನ್ನೂ ಸುಟ್ಟುಬಿಟ್ಟವರೆಂದು ಹೆಸರಾದವರು ಹಿಂದಿನವರ ಪಾದದ ಬಳಿ ವರ್ಷಗಟ್ಟಲೆ ಕುಳಿತಿದ್ದರೆಂಬುದು ವಿದ್ಯಾರ್ಥಿ ಕಲಿಯುವ ಮೊದಲ ಪಾಠ. ಅಲ್ಲಿಯೇ ‘ಬಯಲಿನ ಸಂಗೀತ’ ಎಂಬ ಅರ್ಥದ ಹೆಸರಿನ ಒಂದು ಹಳೆಯ ವೆನಿಸ್ ಚಿತ್ರವಿದೆ. ಅದನ್ನು ಟಿಷಿಯನ್ನನದೆಂದು ಎಣಿಸುತ್ತಾರೆ. ಹಸುರಿನಲ್ಲಿ ಉಡುಪು ತೊಟ್ಟ ಇಬ್ಬರು ಗಂಡಸರು ಕುಳಿತಿದ್ದಾರೆ; ಅವರೊಡನೆ ಇಬ್ಬರು ವಿವಸ್ತ್ರ ಸ್ತ್ರೀಯರು. ಇದನ್ನು ಚೆನ್ನಾಗಿ ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಮುಂದೆ ಇದರ ಕೆಲಸ ಬೀಳುತ್ತದೆ.

ಚಕ್ರವರ್ತಿ ತೆರೆಸಿದ ಬಾಗಿಲು

ಸೆನ್ ನದಿಯ ದಡದಲ್ಲಿ ಪಶ್ಚಿಮಕ್ಕೆ ನಡೆದರೆ ಗಾಜಿನ ಮಾಡಿನ ಭಾರಿ ಕಟ್ಟಡ ‘ಗ್ರಾಂ ಪಾಲೇ’ ಸಿಗುತ್ತದೆ. 1900ರ ವಿಶ್ವಪ್ರದರ್ಶನಕ್ಕಾಗಿ ಅದನ್ನು ಕಟ್ಟಿದಾಗ, ಅಲ್ಲಿದ್ದ ಹಳೆಯ ಕೈಗಾರಿಕಾ ಅರಮನೆಯನ್ನು ಕೆಡವಿದರು. ಆ ಹಳೆಯ ಅರಮನೆಯಲ್ಲಿಯೇ ‘ಸಲೋನ್’ ಎಂಬ ಅಧಿಕೃತ ಕಲಾಪ್ರದರ್ಶನ ನಡೆಯುತ್ತಿದ್ದಿತು. ಹತ್ತೊಂಬತ್ತನೆಯ ಶತಮಾನದ ಫ್ರೆಂಚ್ ಕಲಾವಿದನ ಅನ್ನ, ಮಾನ, ಭವಿಷ್ಯ ಎಲ್ಲವೂ ಸಲೋನಿನ ತೀರ್ಪುಗಾರರ ಕೈಯಲ್ಲಿದ್ದಿತು ಎಂದರೆ ತಪ್ಪಾಗದು. ಅಲ್ಲಿ ಚಿತ್ರ ತೂಗುಬಿದ್ದರೆ ಗಿರಾಕಿ ಸಿಕ್ಕಾನು. ಇಲ್ಲವಾದರೆ ಅದನ್ನು ಕೇಳುವವರಿಲ್ಲ.

1863ರಲ್ಲಿ ಸುಮಾರು ಐದು ಸಾವಿರ ಕೃತಿಗಳು ಬಂದಿದ್ದವು. ತೀರ್ಪುಗಾರರು ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಹಿಂದಕ್ಕೆ ಕಳುಹಿಸಿದರು. ಗಲಾಟೆಯೆದ್ದಿತು. ಚಕ್ರವರ್ತಿ ಮೂರನೆಯ ನೆಪೋಲಿಯನ್ನನು, ತಿರಸ್ಕೃತವಾದ ಚಿತ್ರಗಳನ್ನೂ ಪಕ್ಕದಲ್ಲಿಯೇ ಪ್ರದರ್ಶಿಸಬೇಕು, ಯಾರು ಸರಿಯೆಂಬುದನ್ನು ಜನರೇ ತೀರ್ಮಾನಿಸಲಿ ಎಂದು ಆಜ್ಞೆಯಿತ್ತನು. ಹೀಗೆ ‘ತಿರಸ್ಕೃತರ ಸಲೋನ್’ ಹುಟ್ಟಿಕೊಂಡಿತು. ಜನ ಗುಂಪುಗುಂಪಾಗಿ ಬಂದರು. ಬಂದವರಲ್ಲಿ ಬಹುಪಾಲಿನವರು ನಗುವುದಕ್ಕೆಂದೇ ಬಂದಿದ್ದರು. ಅವರ ನಗೆಗೂ ಕೋಪಕ್ಕೂ ಹೆಚ್ಚಾಗಿ ಗುರಿಯಾದದ್ದು ಎಡ್ವಾರ್ ಮಾನೇಯ ‘ಹುಲ್ಲಿನ ಮೇಲೆ ಊಟ’ ಎಂದು ಈಗ ಪ್ರಸಿದ್ಧವಾಗಿರುವ ಚಿತ್ರ. ಅದರಲ್ಲಿರುವುದೇನು? ಹಸುರಿನಲ್ಲಿ ಉಡುಪು ತೊಟ್ಟ ಇಬ್ಬರು ಗಂಡಸರು, ಅವರ ಪಕ್ಕದಲ್ಲಿ ವಿವಸ್ತ್ರಳಾದ ಒಬ್ಬ ಹೆಂಗಸು, ಹಿಂದೆ ನೀರಿಗಿಳಿದ ಇನ್ನೊಬ್ಬಳು.

ಲೂವ್ರಿನಲ್ಲಿ ಕಂಡ ಚಿತ್ರ ನೆನಪಿದೆಯಲ್ಲವೆ? ವಿಷಯ ಹೆಚ್ಚುಕಡಿಮೆ ಒಂದೇ. ಹಳೆಯದಕ್ಕೆ ಕೈಮುಗಿದ ಜನವೇ ಹೊಸದಕ್ಕೆ ಕೊಡೆ ತೋರಿಸಿ ನಕ್ಕರು. ಹಳೆಯ ಚಿತ್ರದ ಸ್ತ್ರೀಯರು ದೂರದ ಯಾವುದೋ ಕಾವ್ಯಲೋಕದ ದೇವತೆಗಳು. ಮಾನೇಯ ಹೆಂಗಸಾದರೋ ಪ್ಯಾರಿಸ್ಸಿನವಳು; ಜೊತೆಯ ಗಂಡಸರು ಅಂದಿನ ದಿನದ ಕೋಟು ತೊಟ್ಟವರು; ಆಕೆ ನೇರವಾಗಿ ನೋಡುಗನ ಮುಖವನ್ನೇ ನೋಡುತ್ತಿದ್ದಾಳೆ. ಬಣ್ಣವನ್ನು ನವಿರಾಗಿ ತೀಡಿ ಮೈಯನ್ನು ಗುಂಡಾಗಿಸುವ ಅಭ್ಯಾಸವನ್ನೂ ಮಾನೇ ಕೈಬಿಟ್ಟಿದ್ದನು. ಬೆಳಕು ನೆರಳುಗಳು ಚಪ್ಪಟೆಯಾಗಿ, ಒಂದರ ಪಕ್ಕದಲ್ಲೊಂದು ಕುಳಿತಿದ್ದವು. ತೀರ್ಪುಗಾರರ ಕಣ್ಣು ಕುರುಡಾಗಿದ್ದಿತು ಎನ್ನುವುದು ಸುಲಭ. ವಾಸ್ತವದಲ್ಲಿ ಅದು ಚೆನ್ನಾಗಿ ಪಳಗಿದ ಕಣ್ಣು. ಪಳಗಿದ್ದರಿಂದಲೇ ಬೇರೆ ಬಗೆಯಲ್ಲಿ ನೋಡಲಾರದೆ ಹೋಯಿತು.

ಇಲ್ಲಿ ಇನ್ನೊಂದು ಮಾತನ್ನೂ ಮರೆಯಕೂಡದು. ಅಂದು ತಿರಸ್ಕೃತರಾದ ನೂರಾರು ಮಂದಿಯಲ್ಲಿ ಇಂದು ಹೆಸರು ಉಳಿದಿರುವುದು ಕೆಲವರದು ಮಾತ್ರ. ಮಾನೇ, ಪಿಸಾರೋ, ಸೆಜಾನ್, ವಿಸ್ಲರ್ ಅಂಥವರು. ಉಳಿದವರನ್ನು ಕಾಲವೂ ತಿರಸ್ಕರಿಸಿತು.

ಬಾಡಿಗೆಯ ಕೋಣೆಗಳಲ್ಲಿ ಸೂರ್ಯೋದಯ

ನಗರದ ಸಂಗೀತನಾಟಕ ಮಂದಿರದ ಬಳಿ ಕಪುಸೀನ್ ಎಂಬ ವಿಶಾಲವಾದ ಬೀದಿ. ಅದರ 35ನೆಯ ಸಂಖ್ಯೆಯ ಕಟ್ಟಡದಲ್ಲಿ ನಾದಾರ್ ಎಂಬ ಪ್ರಸಿದ್ಧ ಛಾಯಾಚಿತ್ರಗಾರನ ಸ್ಟುಡಿಯೋ ಇದ್ದಿತು. 1874ರ ಏಪ್ರಿಲ್ 15ರಂದು ಅಲ್ಲಿ ಸುಮಾರು ಮೂವತ್ತು ಮಂದಿ ಕಲಾವಿದರು, ತೀರ್ಪುಗಾರರ ಹಂಗಿಲ್ಲದೆ, ತಮ್ಮದೇ ಪ್ರದರ್ಶನವನ್ನು ತೆರೆದರು. ಪ್ರವೇಶಕ್ಕೆ ಒಂದು ಫ್ರಾಂಕ್. ಒಂದು ತಿಂಗಳು ನಡೆದ ಆ ಪ್ರದರ್ಶನದಲ್ಲಿ ಮೊನೇ, ರೆನ್ವಾರ್, ದಗಾ, ಪಿಸಾರೋ, ಸೆಜಾನ್, ಬೆರ್ತ್ ಮೊರಿಸೋ ಮೊದಲಾದವರ ಕೃತಿಗಳಿದ್ದವು. ಮಾನೇ ಮತ್ತು ಮೊನೇ ಎಂಬ ಎರಡು ಹೆಸರುಗಳು ನಮ್ಮ ಕಿವಿಗೆ ಒಂದೇ ಎನ್ನಿಸಿದರೂ ಇವರು ಇಬ್ಬರು ಬೇರೆ ಬೇರೆ ವ್ಯಕ್ತಿಗಳು. ಹಿರಿಯನಾದ ಮಾನೇ ಈ ಪ್ರದರ್ಶನಕ್ಕೆ ಸೇರದೆ ಸಲೋನಿನ ಬಾಗಿಲನ್ನೇ ಮತ್ತೆ ಮತ್ತೆ ತಟ್ಟುತ್ತಿದ್ದನು.

ಮೊನೇಯ ಒಂದು ಚಿಕ್ಕ ಚಿತ್ರ ಅಲ್ಲಿದ್ದಿತು. ಲ ಆವ್ರ್ ಬಂದರಿನ ಮೇಲೆ ಮಂಜು. ಮಂಜಿನ ನಡುವೆ ಕಿತ್ತಳೆ ಬಣ್ಣದ ಸೂರ್ಯ. ನೀರಿನಲ್ಲಿ ಅದರ ಮುರಿದ ನೆರಳು. ಹೆಸರು ‘ಇಂಪ್ರೆಷನ್, ಸೂರ್ಯೋದಯ’. ಲೂಯಿ ಲೆರ್ವಾ ಎಂಬ ಪತ್ರಕರ್ತನು ಒಂದು ಹಾಸ್ಯಪತ್ರಿಕೆಯಲ್ಲಿ ಈ ಹೆಸರನ್ನೇ ಹಿಡಿದುಕೊಂಡು, ಗೋಡೆಗೆ ಅಂಟಿಸುವ ಅರೆಬರೆ ಕಾಗದವೂ ಇದಕ್ಕಿಂತ ಪೂರ್ಣವಾಗಿರುತ್ತದೆ ಎಂಬರ್ಥದಲ್ಲಿ ಗೇಲಿಮಾಡಿ, ಇಡೀ ಗುಂಪನ್ನು ‘ಇಂಪ್ರೆಷನಿಸ್ಟರು’ ಎಂದು ಕರೆದನು. ಬೈಗುಳವೇ ಬಿರುದಾಯಿತು. ಆ ಚಿತ್ರ ಈಗ ನಗರದ ಪಶ್ಚಿಮದಲ್ಲಿರುವ ಮಾರ್ಮೊತ್ತಾಂ ಸಂಗ್ರಹಾಲಯಕ್ಕೆ ಸೇರಿದೆ. 1985ರಲ್ಲಿ ಕಳ್ಳರು ಅದನ್ನು ಬಂದೂಕು ತೋರಿಸಿ ಒಯ್ದರು. 1990ರಲ್ಲಿ ಅದು ಮರಳಿ ದೊರೆಯಿತು. ಹತ್ತಿರ ಹತ್ತಿರ ಎರಡಡಿ ಅಗಲದ ಬಟ್ಟೆಗೆ ಇಂಥ ಕಳ್ಳತನ ಯೋಗ್ಯವೆಂದು 1874ರಲ್ಲಿ ಯಾರಿಗೆ ತಾನೆ ತೋರೀತು!

ಈ ಹೊಸತನ ಆಕಾಶದಿಂದ ಉದುರಿದ್ದಲ್ಲ. 1841ರಲ್ಲಿ ಜಾನ್ ರ‍್ಯಾಂಡ್ ಎಂಬ ಅಮೆರಿಕದ ಚಿತ್ರಕಾರನು ಬಣ್ಣ ತುಂಬುವ ಲೋಹದ ಕೊಳವೆಯನ್ನು ಕಂಡುಹಿಡಿದನು. ಅದಕ್ಕೆ ಮೊದಲು ಕಲಸಿದ ತೈಲವರ್ಣವನ್ನು ಹಂದಿಯ ಮೂತ್ರಕೋಶದ ಚೀಲಗಳಲ್ಲಿ ಕಟ್ಟಿಡುತ್ತಿದ್ದರು. ಅದು ಒಡೆಯುತ್ತಿತ್ತು, ಒಣಗುತ್ತಿತ್ತು. ಕೊಳವೆ ಬಂದ ಮೇಲೆ ಬಣ್ಣದ ಪೆಟ್ಟಿಗೆಯನ್ನು ಬಗಲಿಗೆ ಹಾಕಿಕೊಂಡು ಹೊಳೆದಂಡೆಗೆ ಹೋಗುವುದು ಸಾಧ್ಯವಾಯಿತು. ಕರೆದೊಯ್ಯಲು ರೈಲುಗಾಡಿಯಿದ್ದಿತು. ಕಪುಸೀನ್ ಬೀದಿಯಿಂದ ಸ್ವಲ್ಪವೇ ದೂರದಲ್ಲಿ ಸ್ಯಾಂ ಲಜಾರ್ ನಿಲ್ದಾಣವಿದೆ. ಅಲ್ಲಿನ ಕಬ್ಬಿಣದ ಮಾಡು, ನೀಲಿಯ ಹೊಗೆ, ಉಗಿಯಲ್ಲಿ ಕರಗುವ ಇಂಜಿನು ಇವನ್ನು ಮೊನೇ 1877ರಲ್ಲಿ ಹಲವು ಸಾರಿ ಚಿತ್ರಿಸಿದನು. ಕಾಣುವುದನ್ನು ಕಂಡಂತೆ ದಾಖಲಿಸುವ ಕೆಲಸವನ್ನು ಅಷ್ಟರಲ್ಲಿ ಛಾಯಾಚಿತ್ರವೇ ವಹಿಸಿಕೊಂಡಿದ್ದಿತು. ಹಾಗಾದರೆ ಚಿತ್ರಕಾರನಿಗೆ ಉಳಿದ ಕೆಲಸವೇನು? ಮುಂದಿನ ಐವತ್ತು ವರ್ಷಗಳ ಕಲೆಯೆಲ್ಲವೂ ಈ ಪ್ರಶ್ನೆಗೆ ಕೊಟ್ಟ ಬೇರೆ ಬೇರೆ ಉತ್ತರಗಳೆಂದು ಎಣಿಸಿದರೆ ವಿದ್ಯಾರ್ಥಿಯ ದಾರಿ ಎಷ್ಟೋ ಸುಗಮವಾಗುತ್ತದೆ.

ನಿಲ್ದಾಣವೇ ಸಂಗ್ರಹಾಲಯ

ಆ ಉತ್ತರಗಳು ದೊಡ್ಡ ಸಂಖ್ಯೆಯಲ್ಲಿ ಒಂದೆಡೆ ಸಿಗುವುದು ಸೆನ್ ನದಿಯ ಎಡದಂಡೆಯ ಒರ್ಸೇ ಸಂಗ್ರಹಾಲಯದಲ್ಲಿ. ಇದೂ ಮೊದಲು ರೈಲುನಿಲ್ದಾಣವೇ. ವಿಕ್ತೋರ್ ಲಾಲು ಎಂಬ ಶಿಲ್ಪಿ ಯೋಜಿಸಿದ ಈ ಕಟ್ಟಡ 1900ರ ವಿಶ್ವಪ್ರದರ್ಶನದ ಕಾಲಕ್ಕೆ ತೆರೆಯಿತು. ನಲವತ್ತು ವರ್ಷ ಕಳೆಯುವಷ್ಟರಲ್ಲಿ ರೈಲುಗಾಡಿಗಳು ಉದ್ದವಾದವು, ಪ್ಲಾಟ್‌ಫಾರಂ ಸಾಲದಾಯಿತು. ಒಂದು ಕಾಲಕ್ಕೆ ಕೆಡವಿಹಾಕುವ ಮಾತೂ ನಡೆದಿದ್ದಿತು. ಕೊನೆಗೆ 1986ರ ಡಿಸೆಂಬರ್‌ನಲ್ಲಿ ಅದು ಸಂಗ್ರಹಾಲಯವಾಗಿ ಬಾಗಿಲು ತೆರೆಯಿತು. ರೈಲು ನಿಲ್ಲುತ್ತಿದ್ದ ಅಂಗಳದಲ್ಲಿ ಈಗ ಅಮೃತಶಿಲೆಯ ವಿಗ್ರಹಗಳು ನಿಂತಿವೆ. ದೊಡ್ಡ ಗಡಿಯಾರ ಹಾಗೆಯೇ ಇದೆ. 1848ರಿಂದ 1914ರವರೆಗಿನ ಕಲೆ ಇಲ್ಲಿಯ ಸೀಮೆ.

ಇಲ್ಲಿ ಗೋಡೆಯ ಮೇಲಿನ ಚಿತ್ರದಷ್ಟೇ, ಅದು ಅಲ್ಲಿಗೆ ಬಂದ ದಾರಿಯನ್ನೂ ವಿಚಾರಿಸಬೇಕು. ಮಾನೇಯ ‘ಒಲಿಂಪಿಯಾ’ 1865ರ ಸಲೋನಿನಲ್ಲಿ ಎಂಥ ರೋಷವನ್ನೆಬ್ಬಿಸಿತೆಂದರೆ, ಯಾರ ಕೈಗೂ ಎಟುಕದಂತೆ ಅದನ್ನು ಎತ್ತರದಲ್ಲಿ ತೂಗುಹಾಕಬೇಕಾಯಿತು. ಮಾನೇ ತೀರಿಕೊಂಡ ಮೇಲೆ ಮೊನೇ ಮುಂದೆ ನಿಂತು ಚಂದಾ ಎತ್ತಿ, 1890ರಲ್ಲಿ ಅದನ್ನು ಕೊಂಡು ಸರ್ಕಾರಕ್ಕೆ ಒಪ್ಪಿಸಿದನು. ಲೂವ್ರಿನ ಹೊಸ್ತಿಲನ್ನು ದಾಟಲು ಅದಕ್ಕೆ 1907ರವರೆಗೆ ಕಾಯಬೇಕಾಯಿತು. ಇನ್ನು ಗುಸ್ತಾವ್ ಕೈಬೊತ್ ಎಂಬ ಚಿತ್ರಕಾರನ ಕಥೆ ಕೇಳಿ. ಮರದ ನೆಲವನ್ನು ಹೆರೆಯುವ ಕೂಲಿಯವರ ಅವನ ಚಿತ್ರವನ್ನು 1875ರಲ್ಲಿ ಸಲೋನ್ ನಿರಾಕರಿಸಿದ್ದಿತು. ಅವನು ಸ್ಥಿತಿವಂತ, ಸ್ನೇಹಿತರ ಚಿತ್ರಗಳನ್ನು ಕೊಂಡುಕೊಂಡು ಅವರ ಹೊಟ್ಟೆ ತುಂಬಿಸಿದವನು. 1894ರಲ್ಲಿ ಸಾಯುವಾಗ ತನ್ನ ಸಂಗ್ರಹವನ್ನೆಲ್ಲ ರಾಷ್ಟ್ರಕ್ಕೆ ಬಿಟ್ಟನು. ರಾಷ್ಟ್ರ ತಕರಾರು ಮಾಡಿತು. ಧರ್ಮಕ್ಕೆ ಬಂದ ಚಿತ್ರಗಳಲ್ಲಿ ಸುಮಾರು ನಲವತ್ತನ್ನು ಮಾತ್ರ ಆರಿಸಿಕೊಂಡು ಉಳಿದವನ್ನು ಬೇಡವೆಂದಿತು! ಇಂದು ಒರ್ಸೇಯ ಕೀರ್ತಿಗೆ ಆಧಾರವಾದ ಚಿತ್ರಗಳಲ್ಲಿ ಅಂದು ಒಲ್ಲದ ಮನಸ್ಸಿನಿಂದ ತೆಗೆದುಕೊಂಡವೂ ಸೇರಿವೆ.

ಸೆಜಾನನ ‘ಸೇಬು ಮತ್ತು ಕಿತ್ತಳೆ’ ಇಲ್ಲಿಯೇ ಇದೆ. ಅದರ ಮುಂದೆ ಅರ್ಧ ಗಂಟೆ ನಿಲ್ಲುವ ತಾಳ್ಮೆ ವಿದ್ಯಾರ್ಥಿಗಿರಬೇಕು. ಮೊದಲ ಐದು ನಿಮಿಷ ಕಾಣುವುದು ಬಿಳಿಯ ಬಟ್ಟೆ, ತಟ್ಟೆ, ಹೂಜಿ, ಹಣ್ಣು ಇಷ್ಟೇ. ಆಮೇಲೆ ತಟ್ಟೆ ನಮ್ಮ ಕಡೆಗೆ ವಾಲಿರುವುದು ಗಮನಕ್ಕೆ ಬರುತ್ತದೆ. ಹಣ್ಣುಗಳು ಇನ್ನೇನು ಉರುಳಿಬಿಡಬೇಕು, ಉರುಳುವುದಿಲ್ಲ. ಒಂದು ವಸ್ತುವನ್ನು ಮೇಲಿನಿಂದ ನೋಡಿದಂತಿದೆ, ಪಕ್ಕದ್ದನ್ನು ಎದುರಿನಿಂದ ನೋಡಿದಂತಿದೆ. ಒಂದೇ ಕಡೆ ನಿಂತು ಒಂದೇ ಕಣ್ಣಿನಿಂದ ನೋಡಬೇಕೆಂಬ ನಾನ್ನೂರು ವರ್ಷಗಳ ಕಟ್ಟಳೆ ಇಲ್ಲಿ ಸದ್ದಿಲ್ಲದೆ ಸಡಿಲವಾಗಿದೆ. ಸೇಬಿನ ಗುಂಡುತನವನ್ನು ನೆರಳು ತೀಡಿ ತೋರಿಸದೆ, ಕೆಂಪಿನ ಪಕ್ಕ ಹಳದಿ, ಹಳದಿಯ ಪಕ್ಕ ಹಸುರು ಹೀಗೆ ಬಣ್ಣಗಳನ್ನು ಇಟ್ಟಿಗೆಯಂತೆ ಜೋಡಿಸಿ ಕಟ್ಟಿದ್ದಾನೆ. ‘ಇದನ್ನು ನಮ್ಮ ಹುಡುಗನೂ ಬರೆದಾನು’ ಎನ್ನುವವರು ಈ ಒಂದು ಹಣ್ಣನ್ನು ಪೆನ್ಸಿಲಿನಿಂದ ಬರೆದು ನೋಡಬೇಕು. ಮುದ್ರಿತ ಪ್ರತಿಯಲ್ಲಿ ಬಣ್ಣದ ಈ ತೂಕ ಸಿಗುವುದಿಲ್ಲ.

ಒರ್ಸೇಯಿಂದ ಕಾಲುಸೇತುವೆಯನ್ನು ದಾಟಿದರೆ ತ್ವಿಲೆರಿ ಉದ್ಯಾನದಲ್ಲಿ ಒರಾಂಜರಿ ಇದೆ. 1918ರಲ್ಲಿ ಮಹಾಯುದ್ಧ ನಿಂತ ಮರುದಿನವೇ ಮೊನೇ ತನ್ನ ‘ನೈದಿಲೆ’ ಚಿತ್ರಗಳನ್ನು ರಾಷ್ಟ್ರಕ್ಕೆ ಕೊಡುವುದಾಗಿ ಬರೆದನು. ಕಣ್ಣಿನ ಪೊರೆಯೊಡನೆ ಹೋರಾಡುತ್ತ, ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು, 1926ರಲ್ಲಿ ಸಾಯುವವರೆಗೂ ಅವನ್ನು ತಿದ್ದುತ್ತಲೇ ಇದ್ದನು. ಎರಡು ಅಂಡಾಕಾರದ ಕೋಣೆಗಳು, ಸುತ್ತಲೂ ನೀರು, ಎಲೆ, ಆಕಾಶದ ಪ್ರತಿಬಿಂಬ, ದಡವೆಂಬುದೇ ಇಲ್ಲ. 1927ರಲ್ಲಿ ತೆರೆದಾಗ ಹೆಚ್ಚು ಜನ ಇತ್ತ ಸುಳಿಯಲಿಲ್ಲ. 1960ರ ದಶಕದಲ್ಲಿ ಮೇಲೊಂದು ಅಂತಸ್ತನ್ನು ಕಟ್ಟಿ, ಮೊನೇ ಬಯಸಿದ್ದ ಹಗಲ ಬೆಳಕನ್ನೇ ತಡೆದುಬಿಟ್ಟರು. 2006ರಲ್ಲಿ ಆ ಅಂತಸ್ತು ಹೋಗಿ ಬೆಳಕು ಮರಳಿತು. ಮೋಡ ಸರಿದಾಗ ಅಲ್ಲಿಯ ನೀರಿನ ಬಣ್ಣ ಬದಲಾಗುವುದನ್ನು ನೋಡಬೇಕು.

ಕಟ್ಟದ ಮನೆಗೆ ಬಾಗಿಲು

ಶಿಲ್ಪದ ಅಭ್ಯಾಸಕ್ಕೆ ಒರ್ಸೇಗೇ ಒಮ್ಮೆ ಹಿಂತಿರುಗಬೇಕು. ಅಲ್ಲಿ ಒಗೂಸ್ತ್ ರೋದ್ಯಾನ ‘ನರಕದ್ವಾರ’ದ ಗಾರೆಯ ಪ್ರತಿಮೆಯಿದೆ. ಅದು ಅಲ್ಲಿರುವುದರಲ್ಲಿ ಒಂದು ವಿಚಿತ್ರವಾದ ಔಚಿತ್ಯವುಂಟು. ನಿಲ್ದಾಣಕ್ಕೆ ಮೊದಲು ಆ ಸ್ಥಳದಲ್ಲಿ 1871ರ ದಂಗೆಯಲ್ಲಿ ಸುಟ್ಟ ಅರಮನೆಯ ಅವಶೇಷವಿದ್ದಿತು. ಅಲ್ಲಿ ಅಲಂಕಾರಕಲೆಗಳ ಸಂಗ್ರಹಾಲಯವನ್ನು ಕಟ್ಟುವ ಯೋಚನೆಯಿಂದ 1880ರಲ್ಲಿ ಸರ್ಕಾರ ಅದರ ಬಾಗಿಲನ್ನು ಮಾಡಲು ರೋದ್ಯಾನಿಗೆ ಒಪ್ಪಿಸಿತು. ಆ ಸಂಗ್ರಹಾಲಯವನ್ನು ಅಲ್ಲಿ ಕಟ್ಟಲೇ ಇಲ್ಲ. ಮನೆಯಿಲ್ಲದ ಬಾಗಿಲಿಗೆ ರೋದ್ಯಾ ತನ್ನ ಉಳಿದ ಆಯುಷ್ಯವೆಲ್ಲ ಹೊಸ ಹೊಸ ಆಕೃತಿಗಳನ್ನು ಸೇರಿಸುತ್ತ, ತೆಗೆಯುತ್ತ ಹೋದನು. ಜಗತ್ಪ್ರಸಿದ್ಧವಾದ ‘ಚಿಂತಕ’ ಆ ಬಾಗಿಲಿನ ಮೇಲೆ ಕೂರಬೇಕೆಂದು ಹುಟ್ಟಿದವನೇ.

ಅಲ್ಲಿಂದ ಹದಿನೈದು ಇಪ್ಪತ್ತು ನಿಮಿಷ ನಡೆದರೆ ಬಿರೋಂ ಭವನ. ರೋದ್ಯಾ 1908ರಿಂದ ಇಲ್ಲಿ ಬಾಡಿಗೆಗಿದ್ದನು. 1916ರಲ್ಲಿ ತನ್ನ ಕೃತಿಗಳನ್ನೆಲ್ಲ ರಾಷ್ಟ್ರಕ್ಕೆ ಕೊಟ್ಟನು. 1919ರಿಂದ ಇದು ಅವನ ಸಂಗ್ರಹಾಲಯ. ಕಲಾಶಾಲೆಯ ಪ್ರವೇಶಪರೀಕ್ಷೆಯಲ್ಲಿ ಮೂರು ಸಾರಿ ಅನುತ್ತೀರ್ಣನಾದವನು ಈತ. 1877ರಲ್ಲಿ ಇವನ ‘ಕಂಚಿನ ಯುಗ’ ಎಂಬ ಪ್ರತಿಮೆ ಎಷ್ಟು ಜೀವಂತವಾಗಿದ್ದಿತೆಂದರೆ, ಬದುಕಿರುವ ಮನುಷ್ಯನ ಮೈಮೇಲೆಯೇ ಅಚ್ಚು ತೆಗೆದಿದ್ದಾನೆಂದು ಆಪಾದನೆ ಬಂದಿತು. ಕಾದಂಬರಿಕಾರ ಬಾಲ್ಜಾಕನ ಪ್ರತಿಮೆಯದು ಇದಕ್ಕೆ ತದ್ವಿರುದ್ಧವಾದ ಕಥೆ. 1891ರಲ್ಲಿ ಲೇಖಕರ ಸಂಘ ಕೆಲಸ ಒಪ್ಪಿಸಿತು. ರೋದ್ಯಾ ಬಾಲ್ಜಾಕನ ಊರುಕಡೆ ತಿರುಗಿದನು. ಅವನ ಹಳೆಯ ದರ್ಜಿಯನ್ನು ಹುಡುಕಿ ಅವನ ಅಳತೆಯ ಬಟ್ಟೆ ಹೊಲಿಸಿದನು. ಏಳು ವರ್ಷಗಳ ಮೇಲೆ ತೋರಿಸಿದ್ದು ಮಾತ್ರ ಅಡಿಯಿಂದ ಮುಡಿಯವರೆಗೆ ನಿಲುವಂಗಿ ಹೊದ್ದ, ಬಂಡೆಯಂತೆ ಹಿಂದಕ್ಕೆ ವಾಲಿದ ಒಂದು ಬೃಹದಾಕಾರ. ಇದು ಬಾಲ್ಜಾಕನಲ್ಲವೆಂದು ಸಂಘ ಅದನ್ನು ನಿರಾಕರಿಸಿತು. ರೋದ್ಯಾ ಅದನ್ನು ಮದೋಂ ಎಂಬಲ್ಲಿದ್ದ ತನ್ನ ಮನೆಗೆ ಒಯ್ದಿಟ್ಟುಕೊಂಡನು. ಅದು ಕಂಚಿನಲ್ಲಿ ಎರಕವಾದುದನ್ನು ಅವನು ಕಾಣಲಿಲ್ಲ. 1939ರಲ್ಲಿ, ಅವನು ಸತ್ತು ಇಪ್ಪತ್ತೆರಡು ವರ್ಷಗಳಾಗುತ್ತ ಬಂದಾಗ, ಅದು ಮೊಂಪರ್ನಾಸ್ ಬಡಾವಣೆಯ ರಸ್ಪಾಯ್ ಬೀದಿಯಲ್ಲಿ ನಿಂತಿತು. ಟಿಕೀಟು ಬೇಡ, ಸಾಲು ಬೇಡ. ವಾವ್ಯಾಂ ಮೆಟ್ರೋ ನಿಲ್ದಾಣದಿಂದ ಮೇಲೆ ಬಂದು ಯಾವ ಹೊತ್ತಿನಲ್ಲಾದರೂ ನೋಡಬಹುದು.

ನಮ್ಮವರಿಗೆ ಸಂತೋಷವಾಗುವ ಸಂಗತಿಯೊಂದಿದೆ. ಮದರಾಸಿನ ವಸ್ತುಸಂಗ್ರಹಾಲಯದ ನಟರಾಜನ ಛಾಯಾಚಿತ್ರಗಳನ್ನು ನೋಡಿ, 1913ರಲ್ಲಿ ರೋದ್ಯಾ ಮೈಮರೆತು ಒಂದು ಲೇಖನವನ್ನು ಬರೆದನು. ಅದು ಅವನ ಮರಣಾನಂತರ 1921ರಲ್ಲಿ ಅಚ್ಚಾಯಿತು.

ಆದರೆ ಇದೇ ಭವನದಲ್ಲಿ ಮನಸ್ಸನ್ನು ಭಾರವಾಗಿಸುವ ಶಿಲ್ಪಗಳೂ ಇವೆ. ಅವು ಕಮೀಯ್ ಕ್ಲೊದೆಲಳವು. ಆಕೆ ಪ್ಯಾರಿಸ್ಸಿಗೆ ಬಂದ ಕಾಲದಲ್ಲಿ ಸರ್ಕಾರಿ ಕಲಾಶಾಲೆ ಹೆಂಗಸರನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ಆ ಬಾಗಿಲು ತೆರೆದದ್ದು 1897ರಲ್ಲಿ. ಖಾಸಗಿ ಶಾಲೆಯಲ್ಲಿ ಕಲಿತು, ರೋದ್ಯಾನ ಶಿಷ್ಯೆಯೂ ಸಹಾಯಕಳೂ ಪ್ರೇಯಸಿಯೂ ಆಗಿ, ಬಳಿಕ ಅವನಿಂದ ಬೇರ್ಪಟ್ಟು ಒಂಟಿಯಾಗಿ ದುಡಿದಳು. ಒರ್ಸೇಯಲ್ಲಿರುವ ಅವಳ ‘ಪ್ರೌಢವಯಸ್ಸು’ ಎಂಬ ಕಂಚಿನ ಶಿಲ್ಪದಲ್ಲಿ ಮುದುಕಿಯೊಬ್ಬಳು ಒಬ್ಬ ಪುರುಷನನ್ನು ಎಳೆದೊಯ್ಯುತ್ತಿದ್ದಾಳೆ; ಮೊಣಕಾಲೂರಿದ ತರುಣಿ ಕೈಚಾಚಿದ್ದಾಳೆ; ಕೈಗೂ ಕೈಗೂ ನಡುವೆ ಬರಿಯ ಗಾಳಿ. 1913ರಲ್ಲಿ ಮನೆಯವರು ಅವಳನ್ನು ಹುಚ್ಚಾಸ್ಪತ್ರೆಗೆ ಸೇರಿಸಿದರು. ಮೂವತ್ತು ವರ್ಷ ಅಲ್ಲಿಯೇ ಇದ್ದು 1943ರಲ್ಲಿ ಸತ್ತಳು. ಅವಳ ಹೆಸರಿನ ಸಂಗ್ರಹಾಲಯ 2017ರಲ್ಲಿ ನೊಜಾಂ ಎಂಬ ಊರಿನಲ್ಲಿ ತೆರೆಯಿತು. ತಡವಾಗಿ ತೆರೆದ ಬಾಗಿಲಿನಿಂದ ಅವಳಿಗೇನಾಯಿತು? ‘ನಿಜವಾದ ಪ್ರತಿಭೆ ಎಂದಿದ್ದರೂ ಗೆಲ್ಲುತ್ತದೆ’ ಎಂದು ಹಗುರವಾಗಿ ಹೇಳುವವರು ಆ ಚಾಚಿದ ಕೈಗಳ ಮುಂದೆ ಒಂದು ಗಳಿಗೆ ನಿಲ್ಲಲಿ.

ತಿರಸ್ಕೃತರೇ ತೀರ್ಪುಗಾರರಾದಾಗ

ನಗರದ ಉತ್ತರಕ್ಕೆ ಮೊಂಮಾರ್ತ್ರ್ ಗುಡ್ಡ. ಅದರ ಏರಿನಲ್ಲಿ, ಮರಗಳಿರುವ ಚಿಕ್ಕ ಚೌಕದಲ್ಲಿ, ‘ಬಟ್ಟೆ ಒಗೆಯುವ ದೋಣಿ’ ಎಂಬ ಅಡ್ಡಹೆಸರಿನ ಮರದ ಕಟ್ಟಡವಿದ್ದಿತು. 1970ರಲ್ಲಿ ಬೆಂಕಿಗೆ ಆಹುತಿಯಾದ ಅದನ್ನು ಬಳಿಕ ಹೊಸದಾಗಿ ಕಟ್ಟಿದ್ದಾರೆ. ಇಲ್ಲಿ 1904ರಿಂದ 1909ರವರೆಗೆ, ಬೇಸಗೆಯಲ್ಲಿ ಬೆಂದು ಚಳಿಗಾಲದಲ್ಲಿ ನಡುಗಿ, ಪಿಕಾಸೋ ಎಂಬ ಸ್ಪೇನಿನ ತರುಣನು ಬಾಳಿದನು. 1907ರಲ್ಲಿ ಅವನು ಬರೆದ ‘ಅವಿನ್ಯೋನಿನ ತರುಣಿಯರು’ ಕಂಡು ಗೆಳೆಯರೂ ಬೆಚ್ಚಿದರು. ಸೆಜಾನನ ಪಾಠವೂ ಆಫ್ರಿಕದ ಮರದ ಮುಖವಾಡಗಳ ಬಲವೂ ಸ್ಪೇನಿನ ಪುರಾತನ ಶಿಲ್ಪವೂ ಅದರಲ್ಲಿ ಕೂಡಿದ್ದವು. ಸಾರ್ವಜನಿಕರು ಅದನ್ನು ಕಂಡದ್ದು 1916ರಲ್ಲಿ. ಅದೀಗ ನ್ಯೂಯಾರ್ಕಿನಲ್ಲಿದೆ.

ನಮ್ಮ ಬಾಗಿಲಿನ ಕಥೆಗೆ ಇಲ್ಲಿ ಒಂದು ತಿರುವು ಬರುತ್ತದೆ. 1905ರ ಶರತ್ಕಾಲದ ಸಲೋನಿನಲ್ಲಿ ಮತೀಸ್ ಮತ್ತು ಅವನ ಗೆಳೆಯರ ಉಗ್ರವಾದ ಬಣ್ಣಗಳನ್ನು ಕಂಡು ಲೂಯಿ ವೋಸೆಲ್ ಎಂಬ ವಿಮರ್ಶಕನು ಅವರನ್ನು ‘ಕಾಡುಮೃಗಗಳು’ ಎಂದಿದ್ದನು. ಮೂರೇ ವರ್ಷ ಕಳೆದು, 1908ರಲ್ಲಿ, ಅದೇ ಸಲೋನಿನ ತೀರ್ಪುಗಾರರ ಮಂಡಲಿಯಲ್ಲಿ ಮತೀಸನೂ ಇದ್ದನು. ಬ್ರಾಕ್ ಎಂಬ ತರುಣನು ಕಳುಹಿಸಿದ ನಿಸರ್ಗಚಿತ್ರಗಳನ್ನು ಆ ಮಂಡಲಿ ನಿರಾಕರಿಸಿತು. ಅವುಗಳಲ್ಲಿ ಚಿಕ್ಕ ಚಿಕ್ಕ ಘನಗಳಲ್ಲದೆ ಬೇರೇನೂ ಇಲ್ಲವೆಂದು ಮತೀಸನೇ ಅಂದನಂತೆ. ‘ಕ್ಯೂಬಿಸಂ’ ಎಂಬ ಹೆಸರಿನ ಹುಟ್ಟು ಆ ಮಾತಿನಲ್ಲಿದೆ. ಇನ್ನೂ ನಾಲ್ಕು ವರ್ಷಗಳು ಕಳೆದವು. 1884ರಿಂದ ‘ತೀರ್ಪುಗಾರರಿಲ್ಲ, ಬಹುಮಾನವಿಲ್ಲ’ ಎಂಬ ತತ್ತ್ವದ ಮೇಲೆ ನಡೆಯುತ್ತಿದ್ದ ಸ್ವತಂತ್ರರ ಸಲೋನಿಗೆ 1912ರಲ್ಲಿ ಮಾರ್ಸೆಲ್ದ್ಯೂಷಾಂ ಒಂದು ಚಿತ್ರವನ್ನು ಕಳುಹಿಸಿದನು. ಅದು ತಮ್ಮ ಸಿದ್ಧಾಂತಕ್ಕೆ ಒಗ್ಗದೆಂದು ಕ್ಯೂಬಿಸ್ಟ್ ಗೆಳೆಯರೇ, ಅವನ ಸ್ವಂತ ಅಣ್ಣಂದಿರ ಬಾಯಲ್ಲಿ ಹೇಳಿಸಿ, ಅದನ್ನು ಹಿಂತೆಗೆಯುವಂತೆ ಮಾಡಿದರು. ಬಾಗಿಲೇ ಇಲ್ಲದ ಮನೆಗೂ ಕಾವಲುಗಾರರು ಹುಟ್ಟಿಕೊಂಡರಲ್ಲ! ನಿನ್ನೆ ಪೆಟ್ಟು ತಿಂದವನಿಗೆ ಇಂದು ಪೆಟ್ಟುಕೊಡುವ ಅಧಿಕಾರ ಬಂದಾಗ ನೆನಪು ಎಷ್ಟು ಬೇಗ ಮಾಸುತ್ತದೆಂಬುದು ಈ ಚರಿತ್ರೆಯ ಕಹಿಯಾದ ಪಾಠ.

ಹಕ್ಕಿಯ ಮೇಲೆ ಸುಂಕ

ರುಮೇನಿಯದ ಹಳ್ಳಿಗಾಡಿನಿಂದ 1904ರಲ್ಲಿ ಪ್ಯಾರಿಸ್ಸಿಗೆ ಬಂದ ಬ್ರಾಂಕೂಸಿಯ ಕಥೆ ಬೇರೆ ರೀತಿಯದು. 1907ರಲ್ಲಿ ರೋದ್ಯಾನ ಕಾರ್ಯಶಾಲೆಯಲ್ಲಿ ಕೆಲಸ ಸಿಕ್ಕಿತು. ಅಂಥ ಅದೃಷ್ಟವನ್ನು ಕೆಲವೇ ವಾರಗಳಲ್ಲಿ ಬಿಟ್ಟು ಹೊರಬಂದನು. ದೊಡ್ಡ ಮರದ ನೆರಳಿನಲ್ಲಿ ಬೇರೇನೂ ಬೆಳೆಯದೆಂಬುದು ಅವನ ಕಾರಣ. ತೆರೆದ ಬಾಗಿಲನ್ನೂ ಕೆಲವೊಮ್ಮೆ ಬಿಟ್ಟು ನಡೆಯಬೇಕಾಗುತ್ತದೆ. ರೋದ್ಯಾ ಮಣ್ಣಿನಲ್ಲಿ ಮಾಡಿದ ರೂಪವನ್ನು ಸಹಾಯಕರು ಕಲ್ಲಿಗೆ ಇಳಿಸುತ್ತಿದ್ದರು. ಬ್ರಾಂಕೂಸಿ ತಾನೇ ಉಳಿ ಹಿಡಿದು ಕಲ್ಲಿಗೇ ಕೈಹಾಕಿದನು. ಹಕ್ಕಿಯ ಗರಿ, ಕೊಕ್ಕುಗಳನ್ನು ಬಿಟ್ಟು ಅದರ ಹಾರಾಟವನ್ನು ಮಾತ್ರ ಹಿಡಿಯಲು ವರ್ಷಾನುಗಟ್ಟಲೆ ದುಡಿದನು.

ಅವನ ‘ಆಕಾಶದಲ್ಲಿ ಹಕ್ಕಿ’ 1926ರಲ್ಲಿ ನ್ಯೂಯಾರ್ಕ್ ಬಂದರನ್ನು ಮುಟ್ಟಿದಾಗ ಸುಂಕದ ಅಧಿಕಾರಿಗಳು ಅದನ್ನು ಕಲಾಕೃತಿಯೆಂದು ಒಪ್ಪಲಿಲ್ಲ. ಅಡುಗೆಮನೆಯ ಮತ್ತು ಆಸ್ಪತ್ರೆಯ ಸಾಮಾನುಗಳ ವರ್ಗಕ್ಕೆ ಸೇರಿಸಿ ಶೇಕಡ 40ರಷ್ಟು ಸುಂಕ ಹಾಕಿದರು. ವ್ಯಾಜ್ಯ ನಡೆದು 1928ರಲ್ಲಿ ನ್ಯಾಯಾಲಯ ಹಕ್ಕಿಯ ಪರವಾಗಿ ತೀರ್ಪಿತ್ತಿತು. ಇಂದೂರಿನ ಮಹಾರಾಜ ಯಶವಂತರಾವ್ ಹೋಳ್ಕರರು ಇಂಥ ಮೂರು ಹಕ್ಕಿಗಳನ್ನು ಕೊಂಡರು: ಒಂದು ಕಂಚು, ಒಂದು ಬಿಳಿಯ ಅಮೃತಶಿಲೆ, ಒಂದು ಕರಿಯ ಶಿಲೆ. ಅವುಗಳಿಗೊಂದು ಧ್ಯಾನಮಂದಿರ ಕಟ್ಟುವ ಯೋಚನೆಯಿಂದ ಬ್ರಾಂಕೂಸಿ 1937ರ ಕೊನೆಗೆ ಭಾರತಕ್ಕೆ ಬಂದನು. ಮಂದಿರ ಏಳಲಿಲ್ಲ. ಶಿಲೆಯ ಹಕ್ಕಿಗಳೆರಡೂ 1973ರಲ್ಲಿ ಆಸ್ಟ್ರೇಲಿಯಕ್ಕೆ ಹಾರಿಹೋದವು. ಕ್ಯಾನ್‌ಬೆರಾದ ರಾಷ್ಟ್ರೀಯ ಸಂಗ್ರಹಾಲಯ ಅವನ್ನು ಕೊಂಡಿತು.

ಬ್ರಾಂಕೂಸಿ 1957ರಲ್ಲಿ ತೀರಿಕೊಂಡನು. ತನ್ನ ಕಾರ್ಯಶಾಲೆಯನ್ನು ಇದ್ದಂತೆಯೇ ಮತ್ತೆ ಕಟ್ಟಬೇಕೆಂಬ ಷರತ್ತಿನ ಮೇಲೆ ಅದನ್ನು ರಾಷ್ಟ್ರಕ್ಕೆ ಬಿಟ್ಟಿದ್ದನು. 1997ರಲ್ಲಿ ಪೊಂಪಿದು ಕೇಂದ್ರದ ಎದುರಿನ ಅಂಗಳದಲ್ಲಿ ಅದನ್ನು ಹಾಗೆಯೇ ಕಟ್ಟಿದರು. 2025ರಲ್ಲಿ ಆ ಕೇಂದ್ರವನ್ನು ದೊಡ್ಡ ರಿಪೇರಿಗಾಗಿ ಮುಚ್ಚಿರುವುದರಿಂದ, ಹೋಗುವವರು ಮೊದಲೇ ವಿಚಾರಿಸಿಕೊಂಡು ಹೊರಡುವುದು ಲೇಸು. ಲೂವ್ರಿಗೂ ಒರಾಂಜರಿಗೂ ಮಂಗಳವಾರ, ಒರ್ಸೇಗೂ ರೋದ್ಯಾ ಭವನಕ್ಕೂ ಸೋಮವಾರ ರಜೆಯೆಂಬುದನ್ನೂ ಗುರುತುಹಾಕಿಕೊಳ್ಳಬೇಕು.

ನಮ್ಮವರು ತಂದದ್ದೇನು?

ಈ ನಗರಕ್ಕೆ ನಮ್ಮ ದೇಶದವರೂ ಕಲಿಯಲು ಹೋಗಿದ್ದಾರೆ. ಅಮೃತಾ ಷೇರ್‌ಗಿಲ್ಲರು 1930ರಿಂದ ಸರ್ಕಾರಿ ಕಲಾಶಾಲೆಯಲ್ಲಿ ಓದಿದರು; 1933ರ ಸಲೋನಿನಲ್ಲಿ ಸುವರ್ಣಪದಕ ಪಡೆದರು. ಆದರೂ 1934ರ ಕೊನೆಗೆ ಊರಿಗೆ ಮರಳಿದರು. ಭಾರತದ ಚಿತ್ರಶಿಲ್ಪಗಳ ಮರ್ಮ ತಮಗೆ ತಿಳಿಯುವಂತಾದದ್ದು ಯುರೋಪಿನ ಆಧುನಿಕ ಕಲೆಯ ಮೂಲಕವೇ ಎಂದು ಅವರು ಬರೆದಿದ್ದಾರೆ. ಉಡುಪಿಯ ಸಮೀಪದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಜನಿಸಿದ ಕೆ. ಕೆ. ಹೆಬ್ಬಾರರು ಮುಂಬಯಿಯ ಜೆ. ಜೆ. ಕಲಾಶಾಲೆಯಲ್ಲಿ ಕಲಿತು, ಅಲ್ಲಿಯೇ ಕಲಿಸಿ, ಹೆಸರು ಮಾಡಿದ ಮೇಲೆ, ಮೂವತ್ತೆಂಟರ ಪ್ರಾಯದಲ್ಲಿ ಮತ್ತೆ ವಿದ್ಯಾರ್ಥಿಯಾಗಿ ಪ್ಯಾರಿಸ್ಸಿನ ಜೂಲಿಯನ್ ಅಕಾಡೆಮಿಗೆ ಸೇರಿದರು. 1868ರಲ್ಲಿ ಹುಟ್ಟಿದ ಆ ಅಕಾಡೆಮಿ ಸರ್ಕಾರಿ ಶಾಲೆ ಹೊರಗಿಟ್ಟ ಹೆಂಗಸರಿಗೂ ಪರದೇಶದವರಿಗೂ ಬಾಗಿಲು ತೆರೆದುಕೊಟ್ಟ ಮನೆ. ಹೆಬ್ಬಾರರು ಅಲ್ಲಿಂದ ಪಿಕಾಸೋನ ಅನುಕರಣೆಯನ್ನು ಹೊತ್ತುತರಲಿಲ್ಲ. ಅವರ ಮುಂದಿನ ಚಿತ್ರಗಳಲ್ಲಿ ನಮ್ಮ ಕುಣಿತ, ನಮ್ಮ ವಾದ್ಯ, ನಮ್ಮ ದುಡಿಯುವ ಜನ ಇದ್ದಾರೆ. ಒಂದೇ ಎಳೆಯಲ್ಲಿ ಹರಿಯುವ ಆ ರೇಖೆ ಅವರದೇ.

ಆದುದರಿಂದ ಪ್ಯಾರಿಸ್ಸಿಗೆ ಹೋಗುವ ವಿದ್ಯಾರ್ಥಿ ದಿನಕ್ಕೆ ನೂರು ಚಿತ್ರಗಳನ್ನು ನೋಡಿ ಮುಗಿಸುವ ಹಟ ತೊಡಬಾರದು. ದಿನಕ್ಕೆ ಮೂರು ಸಾಕು. ಪ್ರತಿಯೊಂದರ ಮುಂದೆ ಕುಳಿತು, ಹೆಸರುಪಟ್ಟಿಯನ್ನು ಓದುವ ಮುನ್ನ ಒಂದು ರೇಖಾಚಿತ್ರ ಬರೆದುಕೊಳ್ಳಲಿ. ಇಷ್ಟವಾಗದ ಚಿತ್ರದ ಮುಂದೆ ಇನ್ನೂ ಸ್ವಲ್ಪ ಹೆಚ್ಚು ಹೊತ್ತು ಕುಳಿತಿರಲಿ. ತಿರಸ್ಕೃತವಾದುದೆಲ್ಲವೂ ಶ್ರೇಷ್ಠವಲ್ಲವೆಂಬುದನ್ನು 1863ರ ಪಟ್ಟಿಯೇ ಹೇಳುತ್ತದೆ. ಆದರೆ ಐದು ನಿಮಿಷದಲ್ಲಿ ತೀರ್ಪು ಕೊಡುವ ಅಧಿಕಾರ ಯಾರಿಗೂ ಇಲ್ಲವೆಂಬುದನ್ನು ಈ ಊರಿನ ಒಂದೊಂದು ಗೋಡೆಯೂ ಹೇಳುತ್ತದೆ. ಇಷ್ಟನ್ನು ಕಲಿತು ಹಿಂತಿರುಗಿದವನು ತನ್ನ ಊರಿನ ಚಿತ್ರಪ್ರದರ್ಶನದಲ್ಲಿ, ಯಾರೂ ಸುಳಿಯದ ಮೂಲೆಯಲ್ಲಿ ತೂಗುಬಿದ್ದ ಹೊಸಬನೊಬ್ಬನ ಚಿತ್ರದ ಮುಂದೆ ಅರ್ಧ ಗಂಟೆ ನಿಂತನಾದರೆ, ಅವನ ಪ್ರವಾಸದ ಖರ್ಚು ದಕ್ಕಿತೆಂದೇ ಹೇಳಬೇಕು.